ಆಸ್ಪತ್ರೆಯಿಂದ ಮರಳಿದ ದೇಹ: ತೂಕ, ರೂಪ ಮತ್ತು ಹೊಂದಾಣಿಕೆ

ಆಸ್ಪತ್ರೆಯಲ್ಲಿ ಕೆಲವು ವಾರ ಕಳೆದು ಮನೆಗೆ ಬಂದವರ ಮೈ ಹೋದಾಗ ಇದ್ದಂತೆ ಉಳಿದಿರುವುದು ಅಪರೂಪ. ಕೆಲವರು ಸೊರಗಿ ಕಡ್ಡಿಯಾಗಿರುತ್ತಾರೆ, ಕೆಲವರು ಊದಿಕೊಂಡಿರುತ್ತಾರೆ. ತೂಕ ಅಷ್ಟೇ ಇದ್ದರೂ ಮುಖ, ಕೂದಲು, ಚರ್ಮ, ನಡಿಗೆ ಬೇರೆಯಾದವರೂ ಉಂಟು. ಈ ಬದಲಾವಣೆಗಳನ್ನೂ, ತನ್ನ ದೇಹದ ಬಗ್ಗೆ ಮನಸ್ಸು ಕಟ್ಟಿಕೊಂಡಿದ್ದ ಚಿತ್ರ ಅವುಗಳಿಂದ ಕದಡುವ ಬಗೆಯನ್ನೂ ವೈದ್ಯಶಾಸ್ತ್ರ ಒಟ್ಟಿಗೆ ನೋಡತೊಡಗಿದ್ದು ಈಚಿನ ಕೆಲವು ದಶಕಗಳಲ್ಲಿ. ಅದಕ್ಕೂ ಮೊದಲು, ಜೀವ ಉಳಿಯಿತಲ್ಲ ಎಂಬ ಸಮಾಧಾನದ ಮುಂದೆ ಉಳಿದದ್ದೆಲ್ಲ ಸಣ್ಣ ಮಾತಾಗಿತ್ತು.

ಅದು ಸಣ್ಣ ಮಾತಲ್ಲ ಎಂದು ತೋರಿಸಿಕೊಟ್ಟ ಅಧ್ಯಯನಗಳಲ್ಲಿ ಕೆನಡಾದ ಟೊರಾಂಟೊ ನಗರದ್ದು ಮುಖ್ಯವಾದದ್ದು. ಮಾರ್ಗರೆಟ್ ಹೆರಿಡ್ಜ್ ಮತ್ತು ಸಂಗಡಿಗರು ತೀವ್ರ ಶ್ವಾಸಕೋಶ ವೈಫಲ್ಯದಿಂದ ಬದುಕಿ ಬಂದ 109 ಮಂದಿಯ ಸ್ಥಿತಿಯನ್ನು ಒಂದು ವರ್ಷ ಗಮನಿಸಿ 2003ರಲ್ಲಿ ವರದಿ ಪ್ರಕಟಿಸಿದರು. ಐಸಿಯುನಿಂದ ಹೊರಬರುವ ಹೊತ್ತಿಗೆ ಅವರು ಸರಾಸರಿ ತಮ್ಮ ತೂಕದ ಶೇ. 18ರಷ್ಟನ್ನು ಕಳೆದುಕೊಂಡಿದ್ದರು. ಎಪ್ಪತ್ತು ಕಿಲೋ ಇದ್ದವರಿಗೆ ಇದು ಹನ್ನೆರಡೂವರೆ ಕಿಲೋ. ವರ್ಷ ತುಂಬುವಾಗ ಶೇ. 71ರಷ್ಟು ಮಂದಿ ಹಳೆಯ ತೂಕಕ್ಕೆ ಮರಳಿದ್ದರು, ಶ್ವಾಸಕೋಶವೂ ಹೆಚ್ಚು ಕಡಿಮೆ ಸರಿಯಾಗಿತ್ತು. ಆದರೂ ಸ್ನಾಯುಗಳಲ್ಲಿ ಬಲವಿಲ್ಲ, ಬೇಗ ದಣಿವಾಗುತ್ತದೆ ಎಂಬುದು ಅವರ ದೂರಾಗಿತ್ತು. ತೂಕ ಬಂದಿತ್ತು, ಮೈ ಬಂದಿರಲಿಲ್ಲ.

ಕಿಲೋದೊಳಗೆ ಏನಿದೆ

ಈ ವಿಷಯದ ಗೊಂದಲಗಳಲ್ಲಿ ಬಹುಪಾಲು ತೂಕದ ಯಂತ್ರದಿಂದಲೇ ಹುಟ್ಟುತ್ತವೆ. ಹೆಚ್ಚಿದ್ದು ಅಥವಾ ಇಳಿದದ್ದು ನೀರೋ ಸ್ನಾಯುವೋ ಕೊಬ್ಬೋ ಎಂದು ಅದು ಹೇಳುವುದಿಲ್ಲ. ಮೂರೂ ಬೇರೆ ಬೇರೆ ವೇಗದಲ್ಲಿ ಹೋಗುತ್ತವೆ, ಬೇರೆ ಬೇರೆ ವೇಗದಲ್ಲಿ ಮರಳುತ್ತವೆ.

ನೀರಿನದು ಅವಸರದ ಸ್ವಭಾವ. ಒಂದು ಲೀಟರ್ ಸಲೈನ್ ಏರಿಸಿದರೆ ಮೈಗೆ ಒಂದು ಕಿಲೋ ಸೇರಿದಂತೆ. ರಕ್ತಕ್ಕೆ ನಂಜೇರಿ ಒತ್ತಡ ಕುಸಿದವರಿಗೆ ಮೊದಲ ಮೂರು ಗಂಟೆಗಳಲ್ಲೇ ಕಿಲೋ ತೂಕಕ್ಕೆ 30 ಮಿಲಿಲೀಟರ್‌ನಂತೆ ದ್ರವ ಕೊಡುವ ರೂಢಿಯಿದೆ. ಅರವತ್ತು ಕಿಲೋ ಇರುವವರಿಗೆ ಅದು ಸುಮಾರು ಎರಡು ಲೀಟರ್. ರಕ್ತನಾಳಗಳು ಸೋರುವ ಸ್ಥಿತಿಯಲ್ಲಿ ಆ ನೀರು ಕೈಕಾಲು, ಕಣ್ಣಿನ ರೆಪ್ಪೆ, ಬೆನ್ನಿನಡಿ ನಿಲ್ಲುತ್ತದೆ. ಹೀಗಾಗಿ ಒಳಗೆ ಸ್ನಾಯು ಕರಗುತ್ತಿರುವಾಗಲೇ ಯಂತ್ರ ಹೆಚ್ಚು ತೂಕ ತೋರಿಸಬಹುದು. ಊತ ಇಳಿದ ಮೇಲೆ ಒಮ್ಮೆಲೇ ಕಾಣುವ ಬಡಕಲು ಮೈ ಆ ವಾರದಲ್ಲಿ ಆದದ್ದಲ್ಲ. ಅದು ಮೊದಲೇ ಆಗಿತ್ತು, ನೀರು ಮರೆಮಾಡಿತ್ತು.

ಸ್ನಾಯು ಕರಗುವ ಕಥೆ ಹಳೆಯದು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಡೇವಿಡ್ ಕತ್‌ಬರ್ಟ್‌ಸನ್ ಮೂಳೆ ಮುರಿದವರ ಮೂತ್ರ ಪರೀಕ್ಷಿಸಿ, ಗಾಯಗೊಂಡ ದೇಹ ತನ್ನದೇ ಪ್ರೋಟೀನನ್ನು ಒಡೆದು ಸಾರಜನಕವಾಗಿ ಹೊರಹಾಕುತ್ತದೆ ಎಂದು 1930ರ ಆಸುಪಾಸಿನಲ್ಲೇ ಕಂಡುಕೊಂಡಿದ್ದರು. 2013ರಲ್ಲಿ ಲಂಡನ್ನಿನ ಸಂಶೋಧಕರು 63 ಐಸಿಯು ರೋಗಿಗಳ ತೊಡೆಯನ್ನು ಸ್ಕ್ಯಾನ್ ಮಾಡಿ ನೋಡಿದಾಗ ಹತ್ತೇ ದಿನದಲ್ಲಿ ಅಲ್ಲಿನ ಸ್ನಾಯುವಿನ ಅಡ್ಡಗಾತ್ರ ಸುಮಾರು ಶೇ. 18ರಷ್ಟು ಕುಗ್ಗಿತ್ತು. ಕಾಯಿಲೆಯೇ ಬೇಕೆಂದಿಲ್ಲ, ಹಾಸಿಗೆಯೇ ಸಾಕು. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಸರಾಸರಿ 67 ವಯಸ್ಸಿನ 12 ಮಂದಿ ಆರೋಗ್ಯವಂತರನ್ನು ಹತ್ತು ದಿನ ಮಲಗಿಸಿಟ್ಟರು. ದಿನದ ಅಗತ್ಯಕ್ಕೆ ತಕ್ಕಷ್ಟು ಪ್ರೋಟೀನ್ ತಿನ್ನುತ್ತಿದ್ದರೂ ಅವರ ಕಾಲುಗಳಿಂದಲೇ ಹೆಚ್ಚುಕಡಿಮೆ ಒಂದು ಕಿಲೋ ಸ್ನಾಯು ಹೋಗಿತ್ತು. “ರೆಸ್ಟ್ ತಗೋ, ಏಳಬೇಡ” ಎಂದು ಅಕ್ಕರೆಯಿಂದ ಒತ್ತಾಯಿಸುವ ಮನೆಯವರು ಈ ಒಂದು ಸಂಗತಿಯನ್ನಾದರೂ ತಿಳಿದಿರಬೇಕು.

ಮೊದಲು ಮರಳುವುದು ಕೊಬ್ಬು

ಕಳೆದುಕೊಂಡದ್ದು ಯಾವ ಕ್ರಮದಲ್ಲಿ ವಾಪಸ್ಸು ಬರುತ್ತದೆ? ಇದಕ್ಕೆ ಇಂದಿಗೂ ಅತ್ಯಂತ ವಿವರವಾದ ಉತ್ತರ ಸಿಗುವುದು ಆಸ್ಪತ್ರೆಯ ದಾಖಲೆಗಳಲ್ಲಲ್ಲ, ಎರಡನೇ ಮಹಾಯುದ್ಧದ ಕೊನೆಯ ದಿನಗಳಲ್ಲಿ ಅಮೆರಿಕದ ಮಿನೆಸೊಟಾ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗದಲ್ಲಿ. ಯುದ್ಧದಿಂದ ಹಸಿದ ಯೂರೋಪಿನ ಜನರಿಗೆ ಹೇಗೆ ಊಟ ಕೊಟ್ಟು ಮೇಲೆತ್ತಬೇಕು ಎಂದು ತಿಳಿಯಲು ಅಲ್ಲಿನ ವಿಜ್ಞಾನಿ ಆನ್ಸೆಲ್ ಕೀಸ್ 36 ಯುವಕರನ್ನು ಆರಿಸಿಕೊಂಡರು. ಬಂದೂಕು ಹಿಡಿಯುವುದಿಲ್ಲ ಎಂದು ಆತ್ಮಸಾಕ್ಷಿಯ ಕಾರಣಕ್ಕೆ ಸೇನೆ ಸೇರದ ಅವರು ಸ್ವಇಚ್ಛೆಯಿಂದ ಈ ಹಸಿವಿಗೆ ಒಪ್ಪಿದ್ದರು. 1945ರಲ್ಲಿ 24 ವಾರ ಅರೆಹೊಟ್ಟೆ ಊಟ. ತೂಕದ ಕಾಲುಭಾಗ ಇಳಿಯಿತು.

ಆ ಯುವಕರ ಮನಸ್ಸಿನಲ್ಲಿ ನಡೆದದ್ದು ಇನ್ನೂ ಸ್ವಾರಸ್ಯದ್ದು. ಎಲುಬು ಕಾಣುವಷ್ಟು ಬಡವಾದರೂ ತಾವು ಅತಿಯಾಗಿ ಬಡವಾಗಿದ್ದೇವೆ ಎಂದು ಅವರಲ್ಲಿ ಹಲವರಿಗೆ ಅನಿಸುತ್ತಿರಲಿಲ್ಲ. ಸುತ್ತಲಿನ ಸಾಮಾನ್ಯರೇ ದಪ್ಪಗೆ ಕಾಣತೊಡಗಿದ್ದರು. ಅಡುಗೆ ಪುಸ್ತಕಗಳನ್ನು ಒಟ್ಟುಹಾಕಿಕೊಂಡು ಓದುವುದು, ತಟ್ಟೆಯಲ್ಲಿದ್ದುದನ್ನು ಗಂಟೆಗಟ್ಟಲೆ ಕೆದಕುತ್ತ ತಿನ್ನುವುದು ಸಾಮಾನ್ಯವಾಯಿತು. ಮತ್ತೆ ಊಟ ಸಿಕ್ಕಾಗ ಮೊದಲು ತುಂಬಿಕೊಂಡದ್ದು ಕೊಬ್ಬು, ಅದೂ ಹೊಟ್ಟೆ ಮತ್ತು ಸೊಂಟದ ಸುತ್ತ. ಸ್ನಾಯು ಹಿಂದೆ ಉಳಿಯಿತು. ಹಸಿವೋ, ಹೊಟ್ಟೆ ಬಿರಿಯುವಂತೆ ತಿಂದರೂ ತಣಿಯುತ್ತಿರಲಿಲ್ಲ. ಹಲವರ ಮೈಯಲ್ಲಿ ಕೊಬ್ಬು ಮೊದಲಿಗಿಂತ ಹೆಚ್ಚಾಗಿ, ತಿಂಗಳುಗಳು ಉರುಳಿದ ಮೇಲೆ ಹದಕ್ಕೆ ಬಂತು. ಆ ನಡುವಿನ ಅವಧಿಯಲ್ಲಿ ಕೆಲವರು ತಮ್ಮ ಹೊಟ್ಟೆಯ ಬಗ್ಗೆ ಬೇಸರಪಟ್ಟುಕೊಂಡರು. 1950ರಲ್ಲಿ ಎರಡು ದಪ್ಪ ಸಂಪುಟಗಳಾಗಿ ಹೊರಬಂದ ಆ ವರದಿಯ ಈ ಭಾಗವನ್ನು ಟೈಫಾಯ್ಡ್‌ನಿಂದಲೋ ಕರುಳಿನ ಶಸ್ತ್ರಚಿಕಿತ್ಸೆಯಿಂದಲೋ ಎದ್ದವರು ಓದಿದರೆ ತಮ್ಮದೇ ಕಥೆ ಎನಿಸಬಹುದು: ತೋಳು ಕಡ್ಡಿ, ಹೊಟ್ಟೆ ಗುಡಾಣ, ತಿಂದದ್ದೆಲ್ಲ ಎಲ್ಲಿ ಹೋಗುತ್ತಿದೆ ಎಂಬ ಗಾಬರಿ. ಅದು ಶಿಸ್ತಿನ ಕೊರತೆಯಲ್ಲ, ದೇಹ ತನ್ನನ್ನು ರಿಪೇರಿ ಮಾಡಿಕೊಳ್ಳುವ ಕ್ರಮ.

ಅನೊರೆಕ್ಸಿಯಾ ಎಂಬ ಊಟದ ಕಾಯಿಲೆಗೆ ಆಸ್ಪತ್ರೆಯಲ್ಲಿ ತೂಕ ಏರಿಸಿಕೊಂಡು ಬಂದವರಲ್ಲೂ ಇದೇ ಕ್ರಮ. ಮೊದಲು ನಡುಭಾಗ ತುಂಬಿಕೊಳ್ಳುತ್ತದೆ, ತೂಕ ಕಾಯ್ದುಕೊಂಡರೆ ಸುಮಾರು ವರ್ಷದೊಳಗೆ ಹಂಚಿಕೆ ಸಮವಾಗುತ್ತದೆ. ಹೊಟ್ಟೆಯ ಭಯದಿಂದಲೇ ಕಾಯಿಲೆಗೆ ಬಿದ್ದವರಿಗೆ ಮೊದಲು ಹೊಟ್ಟೆಯೇ ಬರುವುದು ಕ್ರೂರ ತಮಾಷೆಯಂತಿದೆ. ಇದನ್ನು ಡಿಸ್ಚಾರ್ಜ್‌ಗೆ ಮೊದಲೇ ಹೇಳಿಬಿಡುವ ವೈದ್ಯರು ಅರ್ಧ ಕೆಲಸ ಮಾಡಿದಂತೆ.

ತೀರಾ ಬಡವಾದವರಿಗೆ ಒಮ್ಮೆಲೇ ಹೊಟ್ಟೆತುಂಬ ಉಣಿಸುವುದೂ ಅಪಾಯವೇ. ಎರಡನೇ ಮಹಾಯುದ್ಧ ಮುಗಿದಾಗ ಫಿಲಿಪ್ಪೀನ್ಸ್‌ನಲ್ಲಿ ಸೆರೆಸಿಕ್ಕ, ಹಸಿದು ಬಳಲಿದ್ದ ಜಪಾನೀ ಸೈನಿಕರಲ್ಲಿ ಕೆಲವರು ಒಳ್ಳೆಯ ಊಟ ಸಿಕ್ಕ ಮೇಲೆ ಸತ್ತದ್ದು 1951ರ ವರದಿಯೊಂದರಲ್ಲಿದೆ. ರಕ್ತದಲ್ಲಿ ಫಾಸ್ಫೇಟ್ ದಿಢೀರನೆ ಕುಸಿಯುವುದು ಇದರ ಮುಖ್ಯ ಕಾರಣ. ಆದ್ದರಿಂದಲೇ ಇಂಥವರಿಗೆ ಆಸ್ಪತ್ರೆಯಲ್ಲಿ ಊಟವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ.

ಔಷಧಿ ತರುವ ಬದಲಾವಣೆ

1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಕೀಲುವಾತದ ಯುವತಿಯೊಬ್ಬಳಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಚುಚ್ಚಿಸಿದಾಗ ಕೆಲವೇ ದಿನಗಳಲ್ಲಿ ಅವಳು ಎದ್ದು ನಡೆದಳು. 1950ರಲ್ಲಿ ಹೆಂಚ್ ಮತ್ತು ಇಬ್ಬರು ಸಹವಿಜ್ಞಾನಿಗಳಿಗೆ ನೊಬೆಲ್ ಬಂತು. ಆದರೆ ದುಂಡನೆಯ ಚಂದ್ರಮುಖ, ಕತ್ತಿನ ಹಿಂದೆ ಗುಬುಟು, ಹೊಟ್ಟೆಯ ಮೇಲೆ ನೇರಳೆ ಗೆರೆಗಳು ಬೆನ್ನಿಗೇ ಬಂದವು. ಹಾರ್ವೆ ಕುಶಿಂಗ್ 1932ರಲ್ಲಿ ಗ್ರಂಥಿಯ ಕಾಯಿಲೆಯೊಂದರಲ್ಲಿ ವಿವರಿಸಿದ್ದ ರೂಪವೇ ಈಗ ಮಾತ್ರೆಯಿಂದ ಮೂಡುತ್ತಿತ್ತು. ಇಂದು ಲೂಪಸ್, ತೀವ್ರ ಆಸ್ತಮಾ, ಮಕ್ಕಳ ನೆಫ್ರೋಟಿಕ್ ಸಿಂಡ್ರೋಮ್, ಮೂತ್ರಪಿಂಡ ಕಸಿ ಇವೆಲ್ಲಕ್ಕೂ ಅದೇ ಗುಂಪಿನ ಪ್ರೆಡ್ನಿಸೊಲೋನ್ ಬಳಕೆಯಲ್ಲಿದೆ. ಮುಖದ ಊತ ಡೋಸ್ ಇಳಿದಂತೆ ವಾರಗಳಲ್ಲಿ, ಕೆಲವರಲ್ಲಿ ತಿಂಗಳುಗಳಲ್ಲಿ ಇಳಿಯುತ್ತದೆ. ಚರ್ಮದ ಗೆರೆಗಳು ಮಾಸುತ್ತವೆ, ಪೂರ್ತಿ ಹೋಗುವುದಿಲ್ಲ. ಮುಖ ನೋಡಲಾರದೆ ಮಾತ್ರೆಯನ್ನು ತಾನಾಗಿ ನಿಲ್ಲಿಸುವ ಹದಿಹರೆಯದವರು ಇದ್ದಾರೆ. ಹಲವು ವಾರ ಸ್ಟೀರಾಯ್ಡ್ ತೆಗೆದುಕೊಂಡ ದೇಹ ತನ್ನ ಸ್ವಂತ ಕಾರ್ಟಿಸಾಲ್ ತಯಾರಿಕೆಯನ್ನು ಕಡಿಮೆ ಮಾಡಿರುವುದರಿಂದ ಹಾಗೆ ನಿಲ್ಲಿಸುವುದು ಪ್ರಾಣಕ್ಕೇ ಕುತ್ತು.

ಮಾನಸಿಕ ಚಿಕಿತ್ಸೆಯ ವಾರ್ಡಿನಿಂದ ಮರಳಿದವರ ಸಂಕಟ ಹೊರಗಿನವರಿಗೆ ಕಾಣುವುದೇ ಇಲ್ಲ. ಒಲಾಂಜಪೀನ್, ಕ್ಲೋಜಪೀನ್‌ನಂಥ ಮನೋರೋಗದ ಔಷಧಿಗಳು ಹಸಿವನ್ನು ಕೆರಳಿಸುತ್ತವೆ. ವಾಲ್ಪ್ರೋಯೇಟ್, ಲಿಥಿಯಂ ಕೂಡ ತೂಕ ಏರಿಸಬಲ್ಲವು. ಏರಿಕೆ ಮೊದಲ ಕೆಲವು ವಾರಗಳಲ್ಲೇ ಶುರುವಾಗುತ್ತದೆ. ಮನಸ್ಸು ತಿಳಿಯಾದ ಹೊತ್ತಿಗೇ ಅಂಗಿಯ ಗುಂಡಿ ಹಾಕಲಾಗದಂತಾಗುವುದು ಔಷಧಿ ಬಿಡಲು ದೊಡ್ಡ ಕಾರಣ, ಔಷಧಿ ಬಿಡುವುದು ಮತ್ತೆ ಆಸ್ಪತ್ರೆ ಸೇರಲು ದೊಡ್ಡ ಕಾರಣ. ಮೊದಲ ತಿಂಗಳಿಂದಲೇ ತೂಕ ಬರೆದಿಟ್ಟುಕೊಂಡು ಮನೋವೈದ್ಯರ ಮುಂದೆ ಇಟ್ಟರೆ ಬೇರೆ ಮಾತ್ರೆ, ಕಡಿಮೆ ಡೋಸ್, ತೂಕದ ಏರಿಕೆ ತಗ್ಗಿಸಬಲ್ಲ ಮೆಟ್‌ಫಾರ್ಮಿನ್ ಹೀಗೆ ದಾರಿಗಳಿವೆ.

ಸ್ತನ ಕ್ಯಾನ್ಸರ್‌ಗೆ ಕಿಮೋ ಪಡೆದವರು ಬಡವಾಗುತ್ತಾರೆ ಎಂಬುದು ಸಿನಿಮಾ ಕಲಿಸಿದ ಚಿತ್ರ. ಬಹಳ ಮಂದಿಯ ತೂಕ ಏರುತ್ತದೆ, ಅದೂ ಸ್ನಾಯು ಇಳಿದು ಕೊಬ್ಬು ಹೆಚ್ಚಿ. ಎಚ್‌ಐವಿ ಚಿಕಿತ್ಸೆಯಲ್ಲಿ ಸ್ಟಾವುಡೀನ್ ಎಂಬ ಅಗ್ಗದ ಔಷಧಿ ಗಲ್ಲದ ಕೊಬ್ಬನ್ನು ಕರಗಿಸಿ, ಯಾರಿಗೂ ಹೇಳದೆ ಮಾತ್ರೆ ನುಂಗುತ್ತಿದ್ದವರ ಗುಟ್ಟನ್ನು ಮುಖದ ಮೇಲೇ ಬರೆದುಬಿಡುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಅದನ್ನು ಹಂತಹಂತವಾಗಿ ಕೈಬಿಡಲು ಹೇಳಿತು.

ಕೂದಲು ತಡವಾಗಿ ಲೆಕ್ಕ ಕೇಳುತ್ತದೆ. ಜೋರು ಜ್ವರ, ಶಸ್ತ್ರಚಿಕಿತ್ಸೆ ಅಥವಾ ಹೆರಿಗೆಯಾಗಿ ಎರಡು ಮೂರು ತಿಂಗಳಾದ ಮೇಲೆ, ಎಲ್ಲ ಸರಿಹೋಯಿತು ಎನ್ನುವಾಗ ಬಾಚಣಿಗೆ ತುಂಬ ಉದುರುತ್ತದೆ. ಬೇರುಗಳು ಸತ್ತಿಲ್ಲ, ಒಟ್ಟಿಗೆ ವಿಶ್ರಾಂತಿಗೆ ಹೋಗಿದ್ದವು. ಹೊಸ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್‌ನಂತೆ ಬರುತ್ತದೆ. ಉಗುರಿನ ಮೇಲೆ ಮೂಡುವ ಅಡ್ಡಗೆರೆಯನ್ನು 1846ರಲ್ಲಿ ಫ್ರೆಂಚ್ ವೈದ್ಯ ಜೋಸೆಫ್ ಬೋ ವಿವರಿಸಿದ್ದರು. ಕೈಯುಗುರು ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್ ಬೆಳೆಯುವುದರಿಂದ ಗೆರೆ ಬುಡದಿಂದ ಎಷ್ಟು ದೂರದಲ್ಲಿದೆ ಎಂದು ಅಳೆದರೆ ಕಾಯಿಲೆ ಬಿದ್ದ ತಿಂಗಳನ್ನೇ ಹೇಳಬಹುದು.

ದೇಹಚಿತ್ರದ ಇತಿಹಾಸ

ಮೆದುಳಿನಲ್ಲಿ ದೇಹದ ನಕ್ಷೆಯೊಂದಿದೆ ಎಂಬ ಮಾತನ್ನು 1911ರಲ್ಲಿ ಇಂಗ್ಲೆಂಡಿನ ಹೆನ್ರಿ ಹೆಡ್ ಮತ್ತು ಗಾರ್ಡನ್ ಹೋಮ್ಸ್ ಮುಂದಿಟ್ಟರು. 1935ರಲ್ಲಿ ವಿಯೆನ್ನಾ ಮೂಲದ ಮನೋವೈದ್ಯ ಪೌಲ್ ಶಿಲ್ಡರ್ ಅದಕ್ಕೆ ಭಾವನೆಯನ್ನೂ ಸಮಾಜವನ್ನೂ ಸೇರಿಸಿದರು: ಪರರ ಕಣ್ಣು ನಮ್ಮನ್ನು ನೋಡುವ ರೀತಿಯೂ ಆ ಚಿತ್ರದ ಭಾಗ.

ಅದಕ್ಕೆ ಸಾಕ್ಷಿ ಯುದ್ಧಕಾಲದ ಆಸ್ಪತ್ರೆಗಳಲ್ಲಿ ಸಿಕ್ಕಿತು. ಮೊದಲನೇ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರಿಗೆ ಶಸ್ತ್ರವೈದ್ಯ ಹ್ಯಾರಲ್ಡ್ ಗಿಲ್ಲೀಸ್ ಚಿಕಿತ್ಸೆ ನೀಡುತ್ತಿದ್ದ ವಾರ್ಡುಗಳಲ್ಲಿ ಕನ್ನಡಿ ನಿಷಿದ್ಧ. ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿದ್ದ ಅವರ ಆಸ್ಪತ್ರೆಯ ಹೊರಗಿನ ರಸ್ತೆಯಲ್ಲಿ ಕೆಲವು ಬೆಂಚುಗಳಿಗೆ ನೀಲಿ ಬಣ್ಣ ಬಳಿದಿದ್ದರು. ಇಲ್ಲಿ ಕೂತವರನ್ನು ಕಂಡು ಬೆಚ್ಚಬೇಡಿ ಎಂದು ಊರವರಿಗೆ ಸೂಚನೆ. ಎರಡನೇ ಯುದ್ಧದಲ್ಲಿ ಗಿಲ್ಲೀಸ್‌ರ ಬಂಧು ಆರ್ಚಿಬಾಲ್ಡ್ ಮೆಕಿಂಡೋ ಈಸ್ಟ್ ಗ್ರಿನ್‌ಸ್ಟೆಡ್‌ನಲ್ಲಿ ಇದಕ್ಕೆ ವಿರುದ್ಧ ದಾರಿ ಹಿಡಿದರು. ಸುಟ್ಟ ವಿಮಾನ ಚಾಲಕರಿಗೆ ರೋಗಿಯ ನೀಲಿ ಉಡುಪಿನ ಬದಲು ಸ್ವಂತ ಸಮವಸ್ತ್ರ ಕೊಟ್ಟು ಊರೊಳಗೆ ಕಳುಹಿಸಿದರು, ಊಟಕ್ಕೆ ಕರೆಯಿರಿ, ನೆಟ್ಟ ನೋಟ ಬೇಡ ಎಂದು ಊರವರನ್ನು ಒಪ್ಪಿಸಿದರು. 1941ರಲ್ಲಿ ರೋಗಿಗಳೇ ಕಟ್ಟಿದ ಗಿನಿಪಿಗ್ ಕ್ಲಬ್ಬಿನಲ್ಲಿ ಯುದ್ಧ ಮುಗಿಯುವಾಗ 649 ಸದಸ್ಯರಿದ್ದರು. ಸಿಡ್‌ಕಪ್ ರೋಗಿಯನ್ನು ಜನರಿಂದ ಕಾಪಾಡಿತು. ಈಸ್ಟ್ ಗ್ರಿನ್‌ಸ್ಟೆಡ್ ಜನರನ್ನು ಸಿದ್ಧಪಡಿಸಿತು. ಎರಡನೆಯದೇ ಹೆಚ್ಚು ಕಾಲ ಬಾಳಿದ ಪಾಠ.

ರೋಗಿಗೆ ರೋಗಿಯೇ ನೆರವಾಗುವ ದಾರಿಯನ್ನು 1952ರಲ್ಲಿ ನ್ಯೂಯಾರ್ಕಿನ ಟೆರೀಸ್ ಲ್ಯಾಸರ್ ತೆರೆದರು. ಸ್ತನ ತೆಗೆಸಿಕೊಂಡ ಅವರು ಅದೇ ಶಸ್ತ್ರಚಿಕಿತ್ಸೆಯಾದ ಇತರ ಹೆಂಗಸರ ಮಂಚದ ಬಳಿಗೆ ತಾತ್ಕಾಲಿಕ ಕೃತಕ ಸ್ತನ ಹಿಡಿದು ಹೋಗುತ್ತಿದ್ದರು. 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಆ ಕೆಲಸವನ್ನು ತನ್ನದಾಗಿಸಿಕೊಂಡಿತು.

ನಮ್ಮ ಮನೆಗಳಲ್ಲಿ

ಕನ್ನಡದ ಮನೆಗಳಲ್ಲಿ ದೇಹ ಖಾಸಗಿ ವಿಷಯವೇ ಅಲ್ಲ. ಡಿಸ್ಚಾರ್ಜ್ ಆದವರನ್ನು ನೋಡಲು ಬಂದವರ ಮೊದಲ ಮಾತು ಮೈಯದೇ: “ಗುರುತೇ ಸಿಗಲಿಲ್ಲ ಕಣೆ”, “ಇನ್ನೂ ಮೈ ಹತ್ತಿಲ್ಲವಲ್ಲ”, “ಏನಪ್ಪಾ, ಆಸ್ಪತ್ರೆ ಊಟ ಒಗ್ಗಿದ ಹಾಗಿದೆ”. ಹೇಳುವವರಲ್ಲಿ ಕೇಡಿಲ್ಲ. ಕೇಳುವವರಿಗೆ ಅದೇ ಪ್ರಶ್ನೆ ದಿನಕ್ಕೆ ಹತ್ತು ಬಾರಿ. ಸಣ್ಣಗಾದರೆ ಟಿಬಿಯೋ ಶುಗರೋ ಎಂಬ ಗುಸುಗುಸು, ಮದುವೆಗೆ ಬಂದ ಹುಡುಗಿಯಾದರೆ ಅದು ಇನ್ನೂ ಜೋರು.

ಹಾಗೆಂದು ತೂಕದ ಚಿಂತೆಯೆಲ್ಲ ಹುಸಿಯಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡದಲ್ಲಿ ನಡೆಸಿದ ‘ರೇಷನ್ಸ್’ ಅಧ್ಯಯನ ಇದನ್ನು ಖಚಿತವಾಗಿ ತೋರಿಸಿತು. 2,800 ಕ್ಷಯ ರೋಗಿಗಳಿಗೆ ಚಿಕಿತ್ಸೆಯ ಜೊತೆ ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆಯ ತಿಂಗಳ ಪಡಿ ಕೊಟ್ಟರು. ಹತ್ತರಲ್ಲಿ ಎಂಟು ಮಂದಿ ಆರಂಭದಲ್ಲೇ ಅಪೌಷ್ಟಿಕರು. ಮೊದಲ ಎರಡು ತಿಂಗಳಲ್ಲಿ ತೂಕ ಶೇ. 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ. 61ರಷ್ಟು ಕಡಿಮೆ ಇತ್ತು ಎಂದು 2023ರಲ್ಲಿ ಪ್ರಕಟವಾದ ಫಲಿತಾಂಶ ಹೇಳಿತು. ಕೇಂದ್ರ ಸರ್ಕಾರ 2018ರಿಂದ ನಿಕ್ಷಯ್ ಪೋಷಣ್ ಯೋಜನೆಯಡಿ ಕ್ಷಯ ರೋಗಿಗಳ ಊಟಕ್ಕೆ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ರೂಪಾಯಿ. ಇಲ್ಲಿ ಮೈ ತುಂಬುವುದು ಅಂದದ ಪ್ರಶ್ನೆಯಲ್ಲ, ಆಯುಷ್ಯದ ಪ್ರಶ್ನೆ.

ಎಡವುವುದು ಪಥ್ಯದಲ್ಲಿ. ರೋಗಿಗೆ ಗಂಜಿ, ಬ್ರೆಡ್ಡು, ಎಳನೀರು ಎಂಬ ರೂಢಿ ಮೊದಲ ಎರಡು ದಿನಕ್ಕೆ ಸರಿ, ತಿಂಗಳಿಗಲ್ಲ. ಒಂದು ಬಟ್ಟಲು ರಾಗಿ ಗಂಜಿಗೆ ಹಿಡಿಯುವ 30 ಗ್ರಾಂ ಹಿಟ್ಟಿನಲ್ಲಿ ಪ್ರೋಟೀನ್ ಎರಡು ಗ್ರಾಂ ಆಸುಪಾಸು ಮಾತ್ರ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ, ಒಂದು ಹಿಡಿ ಹುರುಳಿ ಅಥವಾ ಬೇಳೆಯಲ್ಲಿ ಆರೇಳು ಗ್ರಾಂ. ಆರೋಗ್ಯವಂತರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುವುದು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ, ಕಾಯಿಲೆಯಿಂದ ಏಳುತ್ತಿರುವ ಹಿರಿಯರಿಗೆ 1.2ರಿಂದ 1.5 ಗ್ರಾಂ ಬೇಕು ಎಂಬುದು ತಜ್ಞರ ಸಲಹೆ. ಗಂಜಿಯಲ್ಲಿ ಅದನ್ನು ಮುಟ್ಟುವುದು ಸಾಧ್ಯವೇ ಇಲ್ಲ. ಮೂತ್ರಪಿಂಡದ ತೊಂದರೆ ಇರುವವರ ಲೆಕ್ಕ ಬೇರೆ, ಅದನ್ನು ವೈದ್ಯರೇ ಹಾಕಬೇಕು.

ಬಾಣಂತಿಯದು ಇನ್ನೊಂದು ಬಗೆ. ಕರ್ನಾಟಕದಲ್ಲಿ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಶೇ. 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿದ್ದವು. ಮಗು, ಮಾಸು, ನೀರು ಹೋಗಿ ಐದಾರು ಕಿಲೋ ತಕ್ಷಣ ಇಳಿಯುತ್ತದೆ, ಹೊಟ್ಟೆ ಮಾತ್ರ ಹಾಗೇ ಇರುತ್ತದೆ. ಗರ್ಭಕೋಶ ಹಳೆಯ ಗಾತ್ರಕ್ಕೆ ಬರಲು ಸುಮಾರು ಆರು ವಾರ ಬೇಕು. ಬಿಗಿದು ಕಟ್ಟುವ ಬಟ್ಟೆ ಬೆನ್ನಿಗೆ ಆಸರೆ ಕೊಡಬಹುದು, ಕೊಬ್ಬನ್ನು ಕರಗಿಸುವುದಿಲ್ಲ. ತುಪ್ಪ, ಅಂಟಿನ ಉಂಡೆ ಬಡಿಸಿದ ಅದೇ ಮನೆಯವರು ಐದನೇ ತಿಂಗಳಿಗೆ “ಹೊಟ್ಟೆ ಹಾಗೇ ಇದೆಯಲ್ಲ” ಎನ್ನುವುದನ್ನು ಯಾವ ಶಾಸ್ತ್ರವೂ ಸಮರ್ಥಿಸದು.

ಹೊಂದಿಕೊಳ್ಳುವ ಬಗೆ

ಕನ್ನಡಿಯಿಂದ ಶುರು. ಮೊದಲ ನೋಟ ಆಕಸ್ಮಿಕವಾಗಿ, ಲಿಫ್ಟಿನ ಬಾಗಿಲಲ್ಲೋ ಮೊಬೈಲಿನಲ್ಲೋ ಆಗುವುದಕ್ಕಿಂತ ನರ್ಸ್ ಅಥವಾ ಆಪ್ತರೊಬ್ಬರು ಪಕ್ಕದಲ್ಲಿರುವಾಗ, ಏನು ಕಾಣಲಿದೆ ಎಂದು ಮೊದಲೇ ತಿಳಿದು ಆಗುವುದು ಲೇಸು. ಗಿಲ್ಲೀಸ್‌ರಂತೆ ಕನ್ನಡಿ ತೆಗೆಸುವ ಮನೆಗಳು ಈಗಲೂ ಇವೆ. ಅದು ಭಯವನ್ನು ಮುಂದೂಡುತ್ತದೆ, ಅಷ್ಟೇ.

ಬಟ್ಟೆಯದು ಚಿಕ್ಕ ವಿಷಯವೆನಿಸಿದರೂ ಕೆಲಸ ಮಾಡುತ್ತದೆ. ಹಳೆಯ ಅಳತೆಯ ಪ್ಯಾಂಟನ್ನು ಬೆಲ್ಟಿನಿಂದ ಮುದುರಿ ಕಟ್ಟಿಕೊಂಡವರು ಪ್ರತಿ ಬೆಳಿಗ್ಗೆ ತಮ್ಮ ನಷ್ಟವನ್ನೇ ಉಡುತ್ತಾರೆ. ಎರಡು ಜೊತೆ ಈಗಿನ ಅಳತೆಗೆ ಆಲ್ಟರ್ ಮಾಡಿಸಿದರೆ ಸಾಕು. ಸೀರೆ, ಪಂಚೆ ಉಡುವವರಿಗೆ ಆ ಕಷ್ಟವೂ ಕಡಿಮೆ. ಅಳತೆ ತಪ್ಪುವುದು ಬಟ್ಟೆಯದಷ್ಟೇ ಅಲ್ಲ: ತೂಕ ಇಳಿದವರ ಕಟ್ಟುಹಲ್ಲು ಸಡಿಲವಾಗಿ ಊಟವೇ ಕಷ್ಟವಾಗುವುದುಂಟು, ಅದನ್ನು ಹಸಿವಿಲ್ಲ ಎಂದು ತಪ್ಪು ತಿಳಿಯುತ್ತಾರೆ.

ತೂಕ ನೋಡುವುದಿದ್ದರೆ ವಾರಕ್ಕೊಮ್ಮೆ, ಅದೇ ಯಂತ್ರದಲ್ಲಿ, ಬೆಳಿಗ್ಗೆ. ಚೇತರಿಕೆ ಅಳೆಯಲು ಅದಕ್ಕಿಂತ ಒಳ್ಳೆಯ ಉಪಾಯ ಕುರ್ಚಿ: ಕೈಯೂರದೆ ಅರ್ಧ ನಿಮಿಷದಲ್ಲಿ ಎಷ್ಟು ಬಾರಿ ಎದ್ದು ಕೂರಬಹುದು ಎಂಬುದು ವೃದ್ಧರ ಕಾಲಿನ ಬಲ ಅಳೆಯಲು ಬಳಕೆಯಲ್ಲಿರುವ ಪರೀಕ್ಷೆ. ಅದೇ ವ್ಯಾಯಾಮವೂ ಹೌದು. ಫಿಸಿಯೋ ಹೇಳಿದ ಮಟ್ಟದಲ್ಲಿ ಭಾರದ ವಿರುದ್ಧ ಸ್ನಾಯು ದುಡಿಯದಿದ್ದರೆ ತಿಂದ ಪ್ರೋಟೀನ್ ಸ್ನಾಯುವಾಗುವುದು ಕಷ್ಟ.

ಜನರ ಮಾತಿಗೆ ಉತ್ತರ ಬೇಕಲ್ಲ. 1970ರಲ್ಲಿ ಹದಿನೆಂಟನೇ ವಯಸ್ಸಿಗೆ ವಾಹನ ಹೊತ್ತಿ ಉರಿದು ಮುಖ ಸುಟ್ಟುಕೊಂಡ ಬ್ರಿಟನ್ನಿನ ಜೇಮ್ಸ್ ಪಾರ್ಟ್ರಿಡ್ಜ್ 1992ರಲ್ಲಿ ‘ಚೇಂಜಿಂಗ್ ಫೇಸಸ್’ ಎಂಬ ಸಂಸ್ಥೆ ಕಟ್ಟಿದರು. ಅದು ಕಲಿಸುವ ಸೂತ್ರ ಸರಳ: ಚುಟುಕಾಗಿ ವಿವರಿಸು, ಎದುರಿನವರಿಗೆ ಧೈರ್ಯ ಹೇಳು, ಮಾತು ಬದಲಿಸು. “ಸ್ಟೀರಾಯ್ಡ್‌ನಿಂದ ಮುಖ ಊದಿದೆ ಅತ್ತೆ, ಡೋಸ್ ಇಳಿಸ್ತಿದ್ದಾರೆ, ಕಡಿಮೆ ಆಗುತ್ತೆ. ಮಗಳ ಪರೀಕ್ಷೆ ಹೇಗಾಯ್ತು?” ಇಷ್ಟನ್ನು ಮೊದಲೇ ಸಿದ್ಧ ಮಾಡಿಕೊಂಡವರಿಗೆ ಬಂಧುಗಳ ಮದುವೆ ಅಷ್ಟು ಭಾರವಾಗದು.

ತೂಕ ಇಳಿದದ್ದಕ್ಕೆ ಬರುವ ಹೊಗಳಿಕೆ ಬೈಗುಳಕ್ಕಿಂತ ಅಪಾಯಕಾರಿಯಾಗಬಹುದು. ಟೈಪ್ 1 ಮಧುಮೇಹ ಪತ್ತೆಯಾಗುವ ಮೊದಲು ಮಕ್ಕಳು ಬಡವಾಗುತ್ತಾರೆ, ಇನ್ಸುಲಿನ್ ಶುರುವಾದಾಗ ತೂಕ ಮರಳುತ್ತದೆ. “ಮೊದಲೇ ಚೆನ್ನಾಗಿದ್ದೆ” ಎಂಬ ಮಾತು ಕೇಳಿ ಡೋಸ್ ತಪ್ಪಿಸುವ ಹುಡುಗಿಯರನ್ನು ಮಧುಮೇಹ ವೈದ್ಯರು ಬಲ್ಲರು. ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಆಗಿ ಅವರು ಮತ್ತೆ ಐಸಿಯುಗೆ ಬರುತ್ತಾರೆ.

ವೈದ್ಯರ ಬಳಿ ಹೋಗಲೇಬೇಕಾದ ಸಂದರ್ಭಗಳೂ ಇವೆ. ಹೃದಯ ವೈಫಲ್ಯ ಇರುವವರಲ್ಲಿ ಮೂರು ದಿನಕ್ಕೆ ಎರಡು ಕಿಲೋ ಏರಿದರೆ ಅದು ಊಟವಲ್ಲ, ನೀರು; ಅಂಥವರು ತೂಕವನ್ನು ದಿನವೂ ನೋಡಬೇಕು. ಕಾರಣವಿಲ್ಲದೆ ಆರೇಳು ತಿಂಗಳಲ್ಲಿ ತೂಕದ ಶೇ. 5 ಇಳಿದರೆ ತಪಾಸಣೆ ಬೇಕು. ಕನ್ನಡಿ ತಪ್ಪಿಸಲು ಸ್ನಾನ ಬಿಡುವುದು, ಮನೆಯಿಂದ ಹೊರಬರದಿರುವುದು, ಕದ್ದು ಊಟ ಬಿಡುವುದು ಅಥವಾ ತಿಂದದ್ದನ್ನು ವಾಂತಿ ಮಾಡುವುದು, ಬದುಕು ಬೇಡವೆನಿಸುವುದು ಕಂಡರೆ ಕಾಯದೆ ಮನೋವೈದ್ಯರನ್ನೋ ಆಪ್ತಸಲಹೆಗಾರರನ್ನೋ ಕಾಣಬೇಕು. ಐಸಿಯುನಿಂದ ಹೋದವರನ್ನು ಎರಡು ಮೂರು ತಿಂಗಳ ಬಳಿಕ ಮತ್ತೆ ಕರೆದು ದೇಹ, ಮನಸ್ಸು ಎರಡನ್ನೂ ಪರೀಕ್ಷಿಸಬೇಕೆಂದು ಬ್ರಿಟನ್ನಿನ ಮಾರ್ಗಸೂಚಿ 2009ರಲ್ಲೇ ಹೇಳಿದೆ. ನಮ್ಮಲ್ಲಿ 2022ರ ಅಕ್ಟೋಬರ್ 10ರಂದು ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಟೆಲಿ ಮಾನಸ್‌ಗೆ 14416 ಸಂಖ್ಯೆಗೆ ಕರೆ ಮಾಡಿದರೆ ದಿನದ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು.